ಒತ್ತಿ, ಹಿಡಿದಿರಿ, ಬಿಡಿ

ಹಣೆಯ ಮೇಲೆ ಬೀಳಲೋ ಬೇಡವೋ ಎಂದು ಒಂದು ಹನಿ ಯೋಚಿಸುತ್ತಿದೆ, ಸಣ್ಣ ಕೊಳವೆಯ ಬಾಗಿದ ಮೂಲೆಯಲ್ಲಿ ಜೋತುಬಿದ್ದು, ದುಂಡಗಾಗಿ, ಉದ್ದವಾಗಿ, ಮತ್ತೆ ದುಂಡಗಾಗಿ — ಬಿತ್ತು, ಹುಬ್ಬಿನ ಮೇಲೆಯೇ, ಅವಳು ತಲೆ ಹೊರಳಿಸಿ ತೋಳಿಗೆ ಉಜ್ಜಿಕೊಂಡಳು, ಬೆಳಿಗ್ಗೆ ತುಂಬುವಾಗ ಗಂಡನ ಕೈಯಿಂದ ಚೆಲ್ಲಿದ ಬ್ರೇಕ್ ಆಯಿಲ್, ಎಷ್ಟು ಒರೆಸಿದರೂ ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ, ಕಣ್ಣಿಗೆ ಹೋದರೆ ಉರಿ, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ಸುಲಿದುಹಾಕುತ್ತದೆ, ಅದಕ್ಕೇ ಅವನು ಎರಡು ಸಲ ಹೇಳಿದ್ದ ಹುಷಾರು, ಬಣ್ಣ ಹುಷಾರು ಎಂದು, ಕಣ್ಣು ಹುಷಾರು ಎನ್ನಲಿಲ್ಲ, ಇರಲಿ, ಕಣ್ಣು ಅವಳದ್ದು, ಬಣ್ಣ ಅವನದ್ದು. ಮೂಗಿನಿಂದ ಒಂದು ಗೇಣು ಮೇಲೆ ಕಾರಿನ ಹೊಟ್ಟೆ, ಬೆನ್ನಿನ ಕೆಳಗೆ ಗಾಲಿ ಹಚ್ಚಿದ ಹಲಗೆ, ಅದರ ಕೆಳಗೆ ಮುಂಚೆ ಬೈಠಕ್ಕಿನ ಕೋಣೆಯಾಗಿದ್ದ ಕೋಣೆಯ ನೆಲ, ನಾಲ್ಕು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕಾರು, ಕಾರಿನ ಒಳಗೆ ಗಂಡ, ಕಾರಿನ ಅಡಿಯಲ್ಲಿ ಅವಳು, ಮೊಣಕೈ ಮಡಿಸಲು ಜಾಗವಿಲ್ಲ, ಸೀನು ಬಂದರೆ ಹಣೆ ಒಡೆಯುತ್ತದೆ. ಎಡಗಡೆಯ ಹಿಂದಿನ ಚಕ್ರ ಮೊದಲು, ಪೆಡಲಿನಿಂದ ಅತಿ ದೂರದ್ದು, ಆಮೇಲೆ ಬಲಗಡೆಯ ಹಿಂದಿನದು, ಆಮೇಲೆ ಎಡ ಮುಂದಿನದು, ಕೊನೆಗೆ ಅವನ ಕಾಲ ಬುಡದ್ದು, ಹೀಗೆ ದೂರದಿಂದ ಹತ್ತಿರಕ್ಕೆ ಗಾಳಿ ತೆಗೆಯುತ್ತಾ ಬರಬೇಕು, ಬ್ರೇಕಿನ ಕೊಳವೆಯಲ್ಲಿ ಎಣ್ಣೆ ಮಾತ್ರ ಇರಬೇಕು, ಗಾಳಿ ಇದ್ದರೆ ಪೆಡಲು ಹತ್ತಿಯ ದಿಂಬಿನ ಹಾಗೆ ಕುಸಿಯುತ್ತದೆ, ಕಾರು ನಿಲ್ಲುವುದಿಲ್ಲ. ಒಬ್ಬರು ಒತ್ತಬೇಕು, ಒಬ್ಬರು ಕೆಳಗೆ ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ಲು ತಿರುಗಿಸಬೇಕು, ಇಬ್ಬರಿಲ್ಲದೆ ಆಗದ ಕೆಲಸ, ಗಂಡಹೆಂಡಿರ ಕೆಲಸ ಎಂದು ಅವನು ನಕ್ಕಿದ್ದ. ಒತ್ತಿ. ಒತ್ತಿದೀನಿ. ಹಿಡಿದಿರಿ. ಸ್ಪ್ಯಾನರ್ ಕಾಲು ಸುತ್ತು, ಸೀಸೆಯೊಳಗೆ ಇಳಿಬಿಟ್ಟ ಪಾರದರ್ಶಕ ಪೈಪಿನಲ್ಲಿ ಗುಳ್ಳೆ, ಗುಳ್ಳೆ, ಎಣ್ಣೆ, ಗುಳ್ಳೆ, ಮೇಲೆ ಪೆಡಲು ನೆಲ ಮುಟ್ಟಿದ ಸದ್ದು, ಸ್ಪ್ಯಾನರ್ ವಾಪಸು, ಬಿಗಿ. ಬಿಡಿ. ಬಿಟ್ಟೆ. ಮೂರೇ ಮಾತು, ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಷ್ಟು ಚೆನ್ನಾಗಿ ಒಬ್ಬರ ಮಾತು ಒಬ್ಬರು ಕೇಳಿದ್ದು ಯಾವಾಗ.

ಹನ್ನೊಂದು ವರ್ಷದ ಹಿಂದೆ ಲಾರಿಯ ಮೇಲೆ ಬಂದಿತ್ತು ಇದು, ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು, ಬಂದಿತ್ತು ಎಂದರೆ ಅದರ ಚಿಪ್ಪು ಬಂದಿತ್ತು, ಉಳಿದದ್ದು ಹದಿನಾಲ್ಕು ರಟ್ಟಿನ ಪೆಟ್ಟಿಗೆಯಲ್ಲಿ, ಯಾರದೋ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕೋಳಿಗಳಿಗೆ ಮನೆಯಾಗಿತ್ತಂತೆ, ಸೀಟಿನ ಸ್ಪ್ರಿಂಗಿನಲ್ಲಿ ಪುಕ್ಕ, ಡಿಕ್ಕಿಯಲ್ಲಿ ಒಂದು ಮೊಟ್ಟೆ, ಕಲ್ಲಿನಷ್ಟು ಹಗುರವಾದ, ಅಲ್ಲ, ಕಲ್ಲಿನ ಬಣ್ಣದ, ಗಾಳಿಯಷ್ಟು ಹಗುರವಾದ ಮೊಟ್ಟೆ, ಮಗಳು ಅದನ್ನು ಎರಡು ಬೆರಳಲ್ಲಿ ಹಿಡಿದು ಅಪ್ಪ, ಫ್ರೀ ಕೊಟ್ರಾ ಇದು ಅಂದಳು. ಆಗ ಅವಳಿಗೆ ಹದಿನೈದು, ಕಾರಿನ ಸುತ್ತ ಒಂದು ಸುತ್ತು ಬಂದು ಸೀಟು ಎಣಿಸಿ, ನಾನೆಲ್ಲಿ ಕೂತ್ಕೊಳ್ಲಿ, ಮೂಗು ಮುರಿಯಲಿಲ್ಲ, ಕೇಳಿದಳು ಅಷ್ಟೆ, ನೀನಾ, ಮದುವೆಯಾಗಿ ಹೋಗ್ತೀಯಲ್ಲ ಅಂತ ಅವನು ನಗಾಡಿದ, ಮಗಳು ನಗಲಿಲ್ಲ, ಮದುವೆಯೂ ಆಗಲಿಲ್ಲ, ಎರಡು ಗಂಟೆ ದೂರದ ಊರಲ್ಲಿ ಬೇಕರಿ ಇಟ್ಟುಕೊಂಡು ಬೆಳಗಿನ ಮೂರಕ್ಕೆ ಎದ್ದು ಹಿಟ್ಟು ನಾದುತ್ತಾಳೆ, ಮನೆಗೆ ಬಂದರೆ ಸೋಫಾ ಎಲ್ಲಮ್ಮ ಎಂದು ಇವತ್ತಿಗೂ ಕೇಳುತ್ತಾಳೆ. ಸೋಫಾ ಅಡುಗೆಮನೆಯಲ್ಲಿದೆ, ಅಡುಗೆಮನೆಯ ಮೇಜು ಮಲಗುವ ಕೋಣೆಯಲ್ಲಿದೆ, ಬೀದಿ ಕಡೆಯ ಗೋಡೆ ಒಡೆದು ಶಟರ್ ಹಾಕಿಸಿದ ಮೇಲೆ ಮನೆಗೆ ಮುಂಬಾಗಿಲು ಎನ್ನುವುದೇ ಇಲ್ಲ, ಪಕ್ಕದ ಓಣಿಯಿಂದ ಅಡುಗೆಮನೆಯ ಬಾಗಿಲಿಗೆ ಬರಬೇಕು, ಕಸದ ಡಬ್ಬಿ ದಾಟಿ, ಬಂದವರೆಲ್ಲ ಮೊದಲು ಒಲೆಗೆ ನಮಸ್ಕಾರ ಮಾಡಿದ ಹಾಗೆ ಬಗ್ಗಿ ಒಳಗೆ ಬರುತ್ತಾರೆ. ಆ ಬೈಠಕ್ಕಿನ ಕೋಣೆಯಲ್ಲೇ ಕಿಟಕಿಯ ಪಕ್ಕ ಒಂದು ಬೆಂಚು ಹಾಕಿಕೊಂಡು ಮನೆಯಲ್ಲೇ ಕೆಲಸ ಮಾಡಬೇಕೆಂದಿತ್ತು ಅವಳಿಗೆ, ಬೆಳಕು ಒಳ್ಳೆಯದಿತ್ತು, ಮಧ್ಯಾಹ್ನದವರೆಗೆ ನೆರಳು ಬೀಳದ ಬೆಳಕು, ಹೇಳಿದ್ದಳಾ, ಹೇಳಿದ್ದಳು, ಒಂದು ಸಲ, ಅವನು ಅಳತೆ ಟೇಪು ಹಿಡಿದು ನಿಂತಿದ್ದಾಗ, ಹೂಂ ಹೂಂ ಆ ತುದಿ ಹಿಡ್ಕೋ ಎಂದಿದ್ದ, ಅವಳು ಟೇಪಿನ ಆ ತುದಿ ಹಿಡಿದುಕೊಂಡಿದ್ದಳು.

ಒತ್ತಿ. ಒತ್ತಿದೀನಿ. ಹಿಡಿದಿರಿ. ಗುಳ್ಳೆಗಳು ಸಣ್ಣವಾಗುತ್ತಿವೆ, ಸಾಸಿವೆಯಷ್ಟು, ಆಮೇಲೆ ರಾಗಿಯಷ್ಟು, ಆಮೇಲೆ ಬರೀ ಎಣ್ಣೆ, ಮೊದಲನೇ ಚಕ್ರ ಆಯಿತು. ಬಿಡಿ. ಹಲಗೆಯನ್ನು ಹಿಮ್ಮಡಿಯಿಂದ ನೂಕಿಕೊಂಡು ಎರಡನೆಯದಕ್ಕೆ, ಸೀಸೆ ಎದೆಯ ಮೇಲೆ ಇಟ್ಟುಕೊಂಡು, ಬೆರಳು ನಿಪ್ಪಲ್ಲನ್ನು ತಾನಾಗಿಯೇ ಹುಡುಕಿಕೊಳ್ಳುತ್ತದೆ, ಈ ಕೈ ಹಲ್ಲಿನ ಕೈ, ಹಲ್ಲಾಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಟ್ಟುಹಲ್ಲಿನ ಸೆಟ್ಟು ಮಾಡಿದ ಕೈ, ಮೇಣದಲ್ಲಿ ವಸಡು ಕೆತ್ತಿ, ಒಂದೊಂದೇ ಹಲ್ಲು ಕೂರಿಸಿ, ಕೂದಲೆಳೆ ಎತ್ತರವಾದರೂ ಅಜ್ಜಂದಿರು ಊಟ ಬಿಟ್ಟು ವಾಪಸು ಬರುತ್ತಾರೆ, ಕೂದಲೆಳೆ ಸಡಿಲವಾದರೆ ನಗುವಾಗ ನಗುವೇ ಹಾರಿಹೋಗಿ ಎದುರಿನವರ ತಟ್ಟೆಗೆ ಬೀಳುತ್ತದೆ. ಕಾರಿಗೂ ಈ ಕೈಗೂ ಸಂಬಂಧ ಶುರುವಾದದ್ದು ಆರು ವರ್ಷದ ಹಿಂದೆ, ಒಂದು ಭಾನುವಾರ, ಕಾರ್ಬೊರೇಟರ್ ಬಿಚ್ಚಿಕೊಂಡು ಕೂತಿದ್ದವನ ಬೆರಳಿಂದ ಎಳ್ಳಿನಷ್ಟು ಚಿಕ್ಕ ಸ್ಕ್ರೂ ಒಂದು ಒಳಗೆ ಬಿತ್ತು, ಇನ್ನೊಂದು ಸಲ ಎತ್ತಿದ, ಇನ್ನೊಂದು ಸಲ ಬಿತ್ತು, ಮೂರನೇ ಸಲ ಅವನು ತನ್ನ ಕೈಯನ್ನೇ ಬೇರೆ ಯಾರದೋ ಸಾಮಾನು ನೋಡುವ ಹಾಗೆ ನೋಡಿದ, ಅವಳು ಬಾಗಿಲಲ್ಲಿ ನಿಂತಿದ್ದಳು, ಚೀಲದಿಂದ ಹಲ್ಲು ಕೂರಿಸುವ ಚಿಮಟ ತಂದು ಒಂದೇ ಸಲಕ್ಕೆ ಎತ್ತಿಕೊಟ್ಟಳು. ಮಾರನೆಯ ವಾರ, ಸ್ವಲ್ಪ ಬಾ ಇಲ್ಲಿ. ಅದರ ಮಾರನೆಯ ವಾರ, ನಿನ್ನ ಕೈ ಸಣ್ಣದು, ಅಲ್ಲಿ ಹೋಗುತ್ತೆ ನೋಡು. ಆಮೇಲೆ ಅವನು ಬರೀ ಸ್ಟೂಲಿನ ಮೇಲೆ ಕೂತು ಪುಸ್ತಕ ಹಿಡಿದು ಓದುವವನಾದ, ಅವಳು ಮಾಡುವವಳು, ಯಾವಾಗ ಹಾಗಾಯಿತು ಎಂದು ಇಬ್ಬರೂ ಬಾಯಿ ಬಿಟ್ಟು ಆಡಲಿಲ್ಲ. ಬೀದಿಯವರು ಬಂದರೆ ಅವನು, ನಾನು ವೈರಿಂಗ್ ಎಲ್ಲ ಹೊಸದು ಎಳೆದೆ, ನಾನು ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದೆ, ಅವಳು ಕೈ ಒರೆಸಿಕೊಂಡು ಟೀ ಇಡಲು ಒಳಗೆ ಹೋಗುವಳು, ಉಗುರಿನ ಸಂದಿಯ ಕಪ್ಪು ನೋಡಿ ಯಾರಾದರೂ ಕೇಳುತ್ತಾರೇನೋ ಎಂದು, ಯಾರೂ ಕೇಳಲಿಲ್ಲ, ಹೆಂಗಸಿನ ಉಗುರಿನ ಕಪ್ಪು ಪಾತ್ರೆಯ ಮಸಿಯೇ ಆಗಿರಬೇಕಲ್ಲ. ಅದಕ್ಕಿಂತ ಕೆಟ್ಟದ್ದೇನೆಂದರೆ ಅವಳಿಗೆ ಇದು ಇಷ್ಟವಾಗಿಬಿಟ್ಟಿತು, ತನ್ನ ಬೆಂಚಿನ ಜಾಗ ನುಂಗಿದ ಕಾರಿನ ಮೇಲೆ ಹಲ್ಲು ಕಡಿಯುತ್ತಾ ಬಂದವಳು ಹಲ್ಲು ಪಾಲಿಶ್ ಮಾಡುವ ಚಕ್ರದಲ್ಲೇ ಅದರ ಹಿತ್ತಾಳೆಯನ್ನೆಲ್ಲ ಉಜ್ಜಿ ಹೊಳೆಸಿದಳು, ಆಸ್ಪತ್ರೆಯಲ್ಲಿ ಮೇಣ ಕೆತ್ತುವಾಗಲೂ ಕಣ್ಣ ಮುಂದೆ ಆ ಇಂಜಿನ್ನು.

ಒತ್ತಿ. ಒತ್ತಿದೀನಿ. ದನಿ ಚೆನ್ನಾಗಿದೆ ಇವತ್ತು, ಗಟ್ಟಿಯಾಗಿದೆ, ಪಾಠ ಹೇಳುವಾಗಿನ ದನಿ, ಆಹಾ ಎಂಥ ದನಿ ಇತ್ತು ಅದು, ಡ್ರೈವಿಂಗ್ ಸ್ಕೂಲಿನ ಮಾಸ್ಟರು, ಅರ್ಧ ಊರಿಗೆ ಕಾರು ಕಲಿಸಿದವನು, ಪಕ್ಕದ ಸೀಟಿನಲ್ಲಿ ತನ್ನದೇ ಒಂದು ಬ್ರೇಕ್ ಪೆಡಲು ಇಟ್ಟುಕೊಂಡು, ಹೆದರಬೇಡಿಮ್ಮಾ, ನಾನಿದೀನಿ, ನಿಧಾನ ಬಿಡಿ, ಬಿಡಿ, ಬಂತು ನೋಡಿ, ಬ್ಯಾಂಕಿನವರು, ನರ್ಸುಗಳು, ಎಪ್ಪತ್ತು ವರ್ಷದ ಹಂಡೆಯಂಥ ಕಂಟ್ರಾಕ್ಟರು, ಎಲ್ಲರಿಗೂ ಜೇನು ಸುರಿದ ಹಾಗೆ. ಬಸ್ಸಿನಲ್ಲಿ ಕೂತರೂ ಅವನ ಬಲಗಾಲು ಎದುರಿನ ಸೀಟಿನ ಬುಡವನ್ನು ಒತ್ತುತ್ತಿತ್ತು, ಸಿನಿಮಾ ನೋಡುವಾಗ ಒತ್ತುತ್ತಿತ್ತು, ನಿದ್ದೆಯಲ್ಲಿ ಒತ್ತಿ ಅವಳ ಮೀನಖಂಡ ಎಷ್ಟು ಸಲ ನೀಲಿಯಾಗಿತ್ತು. ಹೆಂಡತಿಗೆ ಮಾತ್ರ ಜೇನಿರಲಿಲ್ಲ, ಮದುವೆಯಾದ ಹೊಸದರಲ್ಲಿ ಒಂದೇ ಒಂದು ದಿನ, ಕ್ಲಚ್ ನಿಧಾನ ಬಿಡು, ನಿಧಾನ, ನಿಧಾನ ಅಂದ್ರೆ ಏನು ಅಂತ ಗೊತ್ತಿಲ್ವಾ, ಕಣ್ಣೆಲ್ಲಿಟ್ಟಿದೀಯ, ಕೈಯೆಲ್ಲಿ, ತಲೆಯೆಲ್ಲಿ, ಅವಳು ನಡುರಸ್ತೆಯಲ್ಲಿ ಇಂಜಿನ್ನು ಆರಿಸಿ ಇಳಿದು ಬಾಗಿಲು ಮುಚ್ಚಿ ಮನೆಗೆ ನಡೆದುಬಂದಳು, ಹಿಂದೆ ಹಾರನ್ನಿನ ಸಾಲು, ಅರ್ಧ ಊರಿಗೆ ಕಾರು ಬರುತ್ತದೆ, ಅವಳಿಗೆ ಬರುವುದಿಲ್ಲ. ಬಿಚ್ಚಬಲ್ಲಳು, ಕಟ್ಟಬಲ್ಲಳು, ಓಡಿಸಲಾರಳು, ಇವತ್ತು ಮಾತ್ರ ಪಾತ್ರ ತಿರುಗಿಬಿದ್ದಿದೆ, ಒತ್ತಿ ಎನ್ನುವವಳು ಅವಳು, ಒತ್ತುವವನು ಅವನು, ಒಂದು ಸಣ್ಣ ನಗು ಬಂತು, ನಕ್ಕರೆ ಎದೆಯ ಮೇಲಿನ ಸೀಸೆ ಅಲುಗುತ್ತದೆ. ಏನೇ ಅದು. ಏನಿಲ್ಲ, ಬಿಡಿ. ಬಿಟ್ಟೆ.

ನಾಲ್ಕಕ್ಕೆ ಹೊರಡುವುದು. ಈಗ ಎಷ್ಟೋ, ಮೂರು ಹೊಡೆದದ್ದು ಮೇಲೆ ಮಹಡಿಮನೆಯಲ್ಲಿ ಕೇಳಿಸಿತ್ತು, ಅಲ್ಲಿರುವವರು ಗಡಿಯಾರ ರಿಪೇರಿಯವರು, ಅವರ ಮನೆಯಲ್ಲಿ ಮೂರು ಎಂದರೆ ಒಂಬತ್ತು ಗಡಿಯಾರ ಮೂರು ಹೊಡೆಯುತ್ತವೆ, ನಾಲ್ಕಕ್ಕೆ ಕ್ಯಾಮೆರಾ ಹಿಡಿದು ಇಳಿದು ಬರುತ್ತೇನೆ ಸಾರ್ ಎಂದಿದ್ದಾರೆ, ನಾಲ್ಕು ಎಂದರೆ ನಾಲ್ಕೇ. ಶಟರ್ ಎತ್ತಿ, ಸ್ಟ್ಯಾಂಡು ತೆಗೆದು, ಹೊರಗೆ ಎಳೆದು, ಅವನು ಸ್ಟಿಯರಿಂಗಿಗೆ, ಅವಳು ಪಕ್ಕಕ್ಕೆ, ಅವಳಿಗೆಂದು ಒಂದು ಕಪ್ಪು ಕನ್ನಡಕ ಬೇರೆ ತಂದಿದ್ದಾನೆ, ಹಾಕಿಕೊಂಡರೆ ನೊಣದ ಹಾಗೆ ಕಾಣುತ್ತಾಳೆ, ಸೀಟಿನ ಮೇಲೆ ಇಟ್ಟಿದ್ದಾನೆ. ಬೀದಿ ಇಳಿಜಾರು, ಇಳಿಜಾರಿನ ಬುಡದಲ್ಲಿ ಬಸ್ ಸ್ಟಾಪು, ಎರಡು ತಿಂಗಳಿಂದ ಫುಟ್‌ಪಾತು ಅಗೆದು ಹಾಕಿದ್ದಾರೆ, ಬಸ್ಸಿಗೆ ಕಾಯುವವರೆಲ್ಲ ರಸ್ತೆಯ ಮೇಲೆಯೇ ನಿಲ್ಲುತ್ತಾರೆ, ಚೀಲ ಕಾಲ ಸಂದಿಯಲ್ಲಿಟ್ಟುಕೊಂಡು, ಬೆನ್ನು ಇಳಿಜಾರಿಗೆ ಮಾಡಿ. ಬೆನ್ನು ಇಳಿಜಾರಿಗೆ. ಹೊಲಿಗೆಯವಳು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತದ್ದು ನಾಲ್ಕು ತಿಂಗಳ ಹಿಂದೆ, ಅವನ ಕೊನೆಯ ಶಿಷ್ಯೆ, ಗಲ್ಲಿಯ ಕೊನೆಯಲ್ಲಿ ಅಂಗಡಿ, ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು, ಅಮ್ಮಾ ಸಾರ್ ಹತ್ರ ಹೇಳ್ಬೇಡಿ ನಾನು ಬಂದಿದ್ದು, ಸೈಕಲ್ಲಿನವರು ಅಡ್ಡ ಬಂದ್ರು, ನಾನು ಸಾರ್ ಬ್ರೇಕ್ ಹಾಕ್ತಾರೆ ಅಂತಲೇ ಸುಮ್ನಿದ್ದೆ, ಯಾವಾಗ್ಲೂ ಅವರೇ ಹಾಕೋದು, ಸಾರ್ ಹಾಕ್ಲಿಲ್ಲ, ನೋಡಿದ್ರೆ ಕಾಲು ಏಳ್ತಾನೇ ಇಲ್ಲ ಅಮ್ಮಾ, ನೆಲಕ್ಕೆ ಅಂಟಿಸಿದ ಹಾಗಿತ್ತು, ಮುಖ ಬೆವೆತುಹೋಗಿತ್ತು, ನಾನೇ ಹೆಂಗೋ ಒತ್ತಿದೆ. ಅವನು ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದು ಬೇರೆ, ಆ ಹೊಲಿಗೆಯವಳಿಗೆ ಜನ್ಮದಲ್ಲಿ ಡ್ರೈವಿಂಗ್ ಬರಲ್ಲ.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಅವನನ್ನು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆಸಿದರು, ತಿರುಗುವಾಗ ನಿಂತುಬಿಟ್ಟ, ಹೆಜ್ಜೆ ಹಿಡಿದುಕೊಳ್ಳುತ್ತೆ ಅಲ್ವಾ, ಆಗಾಗ, ಒಂದೆರಡು ಸೆಕೆಂಡು, ಮೆದುಳು ಹೇಳಿದ್ದು ಕಾಲಿಗೆ ತಲುಪಲ್ಲ, ಮಾತ್ರೆ ಬರೀತೀನಿ, ಆದರೆ ಗಾಡಿ ಮಾತ್ರ ಬೇಡ ಸಾರ್, ಇವತ್ತಿನಿಂದಲೇ. ಆಯ್ತು ಆಯ್ತು ಎಂದು ನಗುಮುಖದಿಂದ ಎದ್ದ, ಆ ಡಾಕ್ಟರ ಅಪ್ಪನಿಗೂ ಅವನೇ ಕಾರು ಕಲಿಸಿದ್ದಂತೆ, ಆ ಮಾತು ಐದು ನಿಮಿಷ ಆಡಿದರು. ಮಾರನೆಯ ದಿನ ಸ್ಕೂಲಿನ ಬೋರ್ಡು ಇಳಿಸಿದ, ಬೀದಿಗೆಲ್ಲ ಹೇಳಿದ್ದು ಕಾರು ಮುಗಿಸಬೇಕಲ್ಲ, ಟೈಮಿಲ್ಲ ಎಂದು, ಅವಳಿಗೆ ಮಾತ್ರ, ಡಾಕ್ಟರು ಹೇಳಿದ್ದು ಟ್ರಾಫಿಕ್ಕಿಗೆ ಕಣೇ, ಇದು ಬೇರೆ. ಇದು ಬೇರೆ ಎಂದರೆ ಏನು ಎಂದು ಅವಳು ಕೇಳಬೇಕಿತ್ತು, ಇವತ್ತು ಬೆಳಿಗ್ಗೆ ಕೇಳಿದಳು, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ರೀ, ಡಾಕ್ಟರು ಹೇಳಿದ್ದು ನಿಮಗೆ ಕೇಳಿಸ್ತು ತಾನೇ. ಕೇಳಿಸ್ತು. ಅಷ್ಟೆ, ಪೇಪರು ತೆಗೆದುಕೊಂಡ, ಪೇಪರು ನಡುಗುತ್ತಿತ್ತು, ಅದನ್ನು ಮೇಜಿನ ಮೇಲೆ ಹರಡಿಕೊಂಡ ನಡುಗದ ಹಾಗೆ. ಮಗಳು ಫೋನಿನಲ್ಲಿ, ಅಮ್ಮ ಕೀ ಬಚ್ಚಿಡು, ಅಷ್ಟು ಸುಲಭ, ಅದರಲ್ಲೇನಿದೆ, ಬಚ್ಚಿಟ್ಟಿದ್ದಳು, ಹೋದ ವಾರ, ಮೇಣದ ಡಬ್ಬಿಯಲ್ಲಿ. ಅವನು ಕೀ ಎಲ್ಲಿ ಎಂದು ಕೇಳಲಿಲ್ಲ. ಗೋಡೆಯ ಖಾಲಿ ಮೊಳೆಯನ್ನು ನೋಡಿದ, ಕಾರಿನ ಬಾಗಿಲು ತೆಗೆದು ಒಳಗೆ ಕೂತ, ಎರಡೂ ಕೈ ಮಂಡಿಯ ಮೇಲೆ, ಊಟಕ್ಕೆ ಕರೆದರೆ ಹಸಿವಿಲ್ಲ, ಮರುದಿನವೂ ಹಾಗೇ, ಬೆಳಗಿಂದ ಸಂಜೆಯವರೆಗೆ, ಸ್ಟ್ಯಾಂಡಿನ ಮೇಲೆ ನಿಂತ ಕಾರಿನಲ್ಲಿ, ಮುಚ್ಚಿದ ಶಟರಿನ ಕಡೆ ಮುಖ ಮಾಡಿ, ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಆ ಕತ್ತಿನ ಹಿಂಭಾಗ ನೋಡಲಾಗಲಿಲ್ಲ, ಮೂರನೆಯ ದಿನ ಬೆಳಿಗ್ಗೆ ಕೀ ಮೊಳೆಯ ಮೇಲೆ ಇತ್ತು. ಮಗಳಿಗೆ ಇದನ್ನು ಹೇಗೆ ಹೇಳುವುದು, ಹೇಳಿದರೆ ಅಮ್ಮ ನೀನೂ ಸರಿ ಎನ್ನುತ್ತಾಳೆ.

ಮೂರನೆಯ ಚಕ್ರ. ಎಡ ಮುಂದಿನದು. ಇಲ್ಲಿ ಗಾಳಿ ಜಾಸ್ತಿ ಇದೆ, ನೊರೆನೊರೆಯಾಗಿ ಬರುತ್ತಿದೆ, ಮೊದಲ ಎರಡು ಚಕ್ರ ಮಾಡುವಾಗ ಬಾರದಿದ್ದ ಯೋಚನೆ ಈ ನೊರೆಯ ಜೊತೆ ಬಂತು, ಇದನ್ನು ಇಲ್ಲೇ ಬಿಟ್ಟರೆ. ಸ್ವಲ್ಪ ಗಾಳಿ ಒಳಗೇ ಬಿಟ್ಟು ನಿಪ್ಪಲ್ಲು ಬಿಗಿದರೆ, ಪೆಡಲು ಮೆತ್ತಗಾಗುತ್ತದೆ, ಅವನಿಗೆ ಗೊತ್ತಾಗುತ್ತದೆ, ಇವತ್ತು ಹೊರಡುವುದಿಲ್ಲ — ಗೊತ್ತಾಗದಿದ್ದರೆ, ಅಥವಾ ಗೊತ್ತಾಗಿಯೂ ಸಾಕು ಬಿಡು ಬಸ್ ಸ್ಟಾಪಿನವರೆಗೆ ತಾನೇ ಎಂದುಬಿಟ್ಟರೆ, ಇಳಿಜಾರು, ಬೆನ್ನುಗಳು, ಚೀಲಗಳು, ಪಕ್ಕದಲ್ಲಿ ನೊಣದ ಕನ್ನಡಕ ಹಾಕಿಕೊಂಡು ಅವಳು, ತಾನೇ ಬಿಟ್ಟ ಗಾಳಿಯ ಮೇಲೆ ಕೂತು. ಛೆ. ಚೆನ್ನಾಗಿ ಮಾಡಿದರೂ ಅದೇ ಇಳಿಜಾರು, ಬ್ರೇಕು ವಜ್ರದ ಹಾಗಿದ್ದರೇನು, ಒತ್ತುವ ಕಾಲು ಏಳಬೇಕಲ್ಲ, ಕೆಟ್ಟದಾಗಿ ಮಾಡಿದರೂ ಹೋಗುತ್ತಾನೆ, ಒಳ್ಳೆಯದಾಗಿ ಮಾಡಿದರೂ ಹೋಗುತ್ತಾನೆ, ಮೇಲೆ ಕಾರು, ಕೆಳಗೆ ನೆಲ, ನಡುವೆ ಒಂದು ಗೇಣು, ಅದರಲ್ಲಿ ಅವಳು, ಎತ್ತ ಹೊರಳಿದರೂ ಕಬ್ಬಿಣ. ಅದೂ ಅಲ್ಲದೆ ಈ ಕೈಗೆ ಕೆಟ್ಟ ಕೆಲಸ ಬರುವುದಿಲ್ಲ, ಇಪ್ಪತ್ತಾರು ವರ್ಷದಲ್ಲಿ ಬೇಕೆಂದು ಒಂದು ಹಲ್ಲು ಸೊಟ್ಟ ಕೂರಿಸಿಲ್ಲ, ಜಗಳಗಂಟಿ ಮುದುಕಿಗೂ ಕೂರಿಸಿಲ್ಲ, ಸ್ಪ್ಯಾನರ್ ಕಾಲು ಸುತ್ತು ತಿರುಗಿಸುವಾಗ ತಲೆ ಏನೇ ಹೇಳಲಿ ಕೈ ತನ್ನ ಪಾಡಿಗೆ ಗುಳ್ಳೆ ಎಣಿಸುತ್ತದೆ. ಒತ್ತಿ. ಒತ್ತಿದೀನಿ. ಹಿಡಿದಿರಿ. ಬಿಡಿ. ಬಿಡಿ ರೀ. ಬಿಟ್ಟೆ ಎನ್ನುವ ಮಾತಿಲ್ಲ, ಪೆಡಲಿನ ಸ್ಪ್ರಿಂಗು ಮೇಲೇಳುವ ಟಕ್ ಇಲ್ಲ, ಬರೀ ಉಸಿರು, ಮೂಗಿನಿಂದ ಜೋರಾಗಿ ಎಳೆಯುವ ಉಸಿರು, ಸೀಟಿನ ಚರ್ಮ ಕಿರುಗುಟ್ಟಿತು, ಅವನು ಎರಡೂ ಕೈಯಿಂದ ತನ್ನ ತೊಡೆ ಹಿಡಿದು ಎತ್ತುತ್ತಿರಬೇಕು, ಒಂದು, ಎರಡು, ಮೂರು, ಅವಳು ಎಣಿಸಿದಳು, ಡಾಕ್ಟರು ಒಂದೆರಡು ಸೆಕೆಂಡು ಎಂದಿದ್ದರು, ಒಂಬತ್ತು, ಹತ್ತು, ಹನ್ನೊಂದಕ್ಕೆ ಟಕ್. ಬಿಟ್ಟೆ. ಏನಾಯ್ತು. ಏನಿಲ್ಲ, ಹೊರಗೆ ಯಾರೋ ಕರೆದ ಹಾಗಾಯ್ತು. ಯಾರೂ ಕರೆದಿರಲಿಲ್ಲ. ಹನ್ನೊಂದು ಎಣಿಸುವುದರೊಳಗೆ ಈ ಕಾರು ಇಳಿಜಾರಿನ ಎಷ್ಟು ದೂರ ಹೋಗಿರುತ್ತದೆ.

ಹಲಗೆ ನೂಕಿಕೊಂಡು ಕೊನೆಯ ಚಕ್ರಕ್ಕೆ ಬಂದಳು, ಅವನ ಕಾಲ ಬುಡಕ್ಕೆ, ಇಲ್ಲಿ ಕಾರಿನ ನೆಲದಲ್ಲಿ ಒಂದು ತೂತಿದೆ, ನೀರು ಸೋರಿಹೋಗಲೆಂದು ಕಾರ್ಖಾನೆಯವರೇ ಬಿಟ್ಟದ್ದು, ದೊಡ್ಡ ನಾಣ್ಯದಷ್ಟು, ಅದರ ರಬ್ಬರ್ ಬಿರಡೆ ಇನ್ನೂ ಹಾಕಿಲ್ಲ, ತೂತಿನಲ್ಲಿ ಅವನ ಬೂಟಿನ ಹಿಮ್ಮಡಿ ಕಾಣುತ್ತದೆ, ಇವತ್ತಿಗೆಂದು ಪಾಲಿಶ್ ಹಾಕಿದ ಕಂದು ಬೂಟು, ಹಿಮ್ಮಡಿಯ ಒಂದು ಪಕ್ಕ ಸವೆದಿದೆ, ಹಿಮ್ಮಡಿ ನಡುಗುತ್ತಿದೆ, ಸಣ್ಣಗೆ, ಒಂದೇ ಸಮ, ಹೊಲಿಗೆ ಮಿಶನ್ನಿನ ಸೂಜಿಯ ಹಾಗೆ. ಇಷ್ಟು ಹೊತ್ತೂ ಮೇಲೆ ಹೀಗೇ ನಡುಗುತ್ತಿತ್ತಾ, ದನಿ ಅಷ್ಟು ಗಟ್ಟಿಯಾಗಿ ಇಟ್ಟುಕೊಂಡು. ಒತ್ತಿ. ಹಿಮ್ಮಡಿ ಮುಂದಕ್ಕೆ ಜಾರಿತು. ಒತ್ತಿದೀನಿ. ಗುಳ್ಳೆ. ಬಿಡಿ. ಬಿಟ್ಟೆ. ಐದು ಸಲ, ಆರು ಸಲ, ಗುಳ್ಳೆ ಸಾಸಿವೆಯಾಗಿ, ರಾಗಿಯಾಗಿ, ಏಳನೆಯ ಸಲ ಇಲ್ಲ. ಎಂಟನೆಯ ಸಲವೂ ಇಲ್ಲ. ಪೈಪಿನಲ್ಲಿ ಜೇನಿನ ಬಣ್ಣದ ಎಣ್ಣೆ, ಒಂದು ಚುಕ್ಕೆ ಕೂಡ ಇಲ್ಲದೆ, ನಿಪ್ಪಲ್ಲು ತೆಗೆಯುವ ಮೊದಲು ಅವನು ಒತ್ತಿದಾಗ ಪೆಡಲು ಒಂದು ಅಂಗುಲ ಹೋಗಿ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ, ಮುಗಿಯಿತು, ಹನ್ನೊಂದು ವರ್ಷದ ಕೆಲಸ ಮುಗಿಯಿತು, ಇಷ್ಟು ಚೆನ್ನಾಗಿ ಹೊಸ ಕಾರಿನಲ್ಲೂ ಇರುವುದಿಲ್ಲ. ಮೇಲಿನಿಂದ ಅವನು, ಆಯ್ತಾ, ಗಾಳಿ ಇದೆಯಾ ಇನ್ನೂ. ಅವಳು ಪೈಪು ನೋಡಿದಳು. ಹಿಮ್ಮಡಿ ನೋಡಿದಳು. ಇದೆ ಎಂದಳು.

ತನ್ನ ಬಾಯಿಂದ ಬಂದದ್ದೇ ಅವಳಿಗೆ ಆಶ್ಚರ್ಯ, ಇದೆ, ಎರಡೇ ಅಕ್ಷರ, ಮೇಣದಲ್ಲಿ ಕೆತ್ತಿದ ಹಾಗೆ ನುಣ್ಣಗೆ ಬಂತು. ಒತ್ತಿ. ಒತ್ತಿದೀನಿ. ಗುಳ್ಳೆಯಿಲ್ಲದ ಎಣ್ಣೆ ಪೈಪಿನಲ್ಲಿ ಇಳಿದು ಸೀಸೆಗೆ ಹೋಯಿತು. ಬಿಡಿ. ಬಿಟ್ಟೆ. ಇದೆಯಾ. ಇದೆ. ಒತ್ತಿ. ಎಷ್ಟು ಹೊತ್ತು ಹೀಗೆ, ನಾಲ್ಕು ಹೊಡೆಯುವವರೆಗೆ, ನಾಲ್ಕಾದ ಮೇಲೆ ಏನು, ಹೊಸ ಡಬ್ಬಿ ಎಣ್ಣೆ ಮುಕ್ಕಾಲು ಖಾಲಿ, ಬಾನೆಟ್ಟಿನೊಳಗಿನ ಎಣ್ಣೆಯ ಬಟ್ಟಲಿಗೆ ಸುರಿಯಲು ಅವಳೇ ಎದ್ದುಹೋಗಬೇಕು, ಹೋದರೆ ಮುಖ ನೋಡುತ್ತಾನೆ, ಮುಖಕ್ಕೆ ಸುಳ್ಳು ಹೇಳುವ ಅಭ್ಯಾಸವಿಲ್ಲ, ಅಡಿಯಿಂದ ಹೇಳುವುದು ಸುಲಭ, ಕಬ್ಬಿಣದ ಮೂಲಕ — ಮತ್ತೆ ಅವನಿಗೆ ಗೊತ್ತಾಗದೆ ಇರುತ್ತದಾ, ಈ ಯೋಚನೆ ತಡವಾಗಿ ಬಂತು, ಮೂವತ್ತನಾಲ್ಕು ವರ್ಷ ಪಕ್ಕದ ಸೀಟಿನ ಪೆಡಲಿನ ಮೇಲೆ ಬದುಕಿದ ಕಾಲು ಅದು, ಊರಿನ ಯಾವ ಕಾರಿನ ಬ್ರೇಕು ಹೇಗಿದೆ ಎಂದು ಒಂದು ಒತ್ತಿಗೆ ಹೇಳುವ ಕಾಲು, ಕಲ್ಲಿನ ಹಾಗಿರುವ ಪೆಡಲನ್ನು ಹತ್ತು ಸಲ ಒತ್ತಿದೆ, ಗಾಳಿ ಇಲ್ಲವೆಂದು ಅವಳಿಗಿಂತ ಮೊದಲೇ ಆ ಕಾಲಿಗೆ ಗೊತ್ತು. ಈಗ ಅವನಿಗೆ ಸಿಟ್ಟು ಬರುತ್ತದೆ. ಈಗ ಬಾಗಿಲು ತೆಗೆದು ಇಳಿದು, ನನ್ನನ್ನೇನು ಅಂದ್ಕೊಂಡಿದೀಯ ಎನ್ನುತ್ತಾನೆ. ಇದೆಯಾ. ಇ— ಇದೆ. ಮೇಲೆ ಗಡಿಯಾರಗಳು ಹೊಡೆಯತೊಡಗಿದವು, ಒಂಬತ್ತೂ, ಒಂದರ ಹಿಂದೆ ಒಂದು, ಮೆಟ್ಟಿಲಿನಲ್ಲಿ ಚಪ್ಪಲಿ ಸದ್ದು, ಶಟರಿನ ಮೇಲೆ ಬೆರಳ ಗೆಣ್ಣು, ಏನ್ ಸಾರ್, ನಾಲ್ಕಾಯ್ತು, ಕ್ಯಾಮೆರಾ ರೆಡಿ, ನಮ್ಮ ಮನೆಯವರೂ ಬಂದಿದಾರೆ ನೋಡೋಕೆ.

ತೂತಿನಲ್ಲಿ ಹಿಮ್ಮಡಿ ಸ್ವಲ್ಪ ಹಿಂದಕ್ಕೆ ಬಂತು. ಅವಳು ಸ್ಪ್ಯಾನರ್ ಹಿಡಿದುಕೊಂಡೇ ಇದ್ದಳು, ಎದೆಯ ಮೇಲಿನ ಸೀಸೆ ಏರುತ್ತಿತ್ತು, ಇಳಿಯುತ್ತಿತ್ತು. ಇವತ್ತಾಗಲ್ಲ, ಅವನ ದನಿ, ಪಾಠದ ದನಿಯಲ್ಲ, ಊಟಕ್ಕೆ ಕೂತಾಗಿನ ದನಿ, ಬ್ರೇಕಲ್ಲಿ ಗಾಳಿ ಇದೆ, ಪೆಡಲು ಮೆತ್ತಗಿದೆ. ಅಯ್ಯೋ ಹೌದಾ, ಹಂಗಾದ್ರೆ ನಾಳೆ ಬರ್ಲಾ ಸಾರ್. ನಾಳೇನೂ ಹೇಳೋಕಾಗಲ್ಲ, ಹಳೇ ಗಾಡಿ ನೋಡಿ, ಗಾಳಿ ಎಲ್ಲಿ ಸಿಕ್ಕೊಂಡಿರುತ್ತೋ ಏನೋ. ಚಪ್ಪಲಿಗಳು ಮೆಟ್ಟಿಲು ಹತ್ತಿಹೋದವು, ಎರಡು ಜೊತೆ. ಅವಳು ಹೊರಗೆ ಬರಬಹುದಿತ್ತು, ಹಲಗೆ ಒಂದು ಸಲ ನೂಕಿದರೆ ಸಾಕು, ಬೆಳಕು, ಗಾಳಿ, ಎದ್ದು ಕೂರಬಹುದು, ಬಂದರೆ ಮುಖ ನೋಡಬೇಕು, ಮುಖ ನೋಡಿದರೆ ಇಬ್ಬರಲ್ಲಿ ಒಬ್ಬರು ಮಾತಾಡಬೇಕು, ಮಾತಾಡಿದರೆ ಅದು ಇರುವುದಿಲ್ಲ, ಈಗ ಆದದ್ದು, ಹೆಸರಿಲ್ಲದ್ದು — ನಾಳೆ ಮಧ್ಯಾಹ್ನವೂ ಇಲ್ಲೇ ಮಲಗಬೇಕು, ನಾಡಿದ್ದೂ, ಆಸ್ಪತ್ರೆಯಿಂದ ಬಂದು, ಬಟ್ಟೆ ಬದಲಿಸಿ, ಇದೇ ಗೇಣು ಜಾಗದಲ್ಲಿ, ಇಲ್ಲದ ಗಾಳಿ ತೆಗೆಯುತ್ತಾ, ಅವನು ಮೇಲೆ, ಅವಳು ಕೆಳಗೆ, ಎಷ್ಟು ವರ್ಷ, ಆ ಕಾಲಿನಲ್ಲಿ ಒತ್ತುವ ಬಲ ಇರುವಷ್ಟು ವರ್ಷ, ಅದು ಹೋದ ಮೇಲೆ ಬೇರೆ ಏನಾದರೂ ಹುಡುಕಬೇಕು. ಏನೇ. ಹೂಂ. ಒತ್ತಲಾ. ಅವಳು ಸೀಸೆಯೊಳಗಿನ ಪೈಪು ಸರಿಮಾಡಿಕೊಂಡಳು. ಒತ್ತಲಾ, ಕೇಳ್ತಿದೀನಿ. ಒತ್ತಿ. ಒತ್ತಿದೀನಿ. ಹಿಡಿದಿರಿ. ನಾಣ್ಯದಷ್ಟು ತೂತು, ತೂತಿನಲ್ಲಿ ಹಿಮ್ಮಡಿ, ಪಾಲಿಶ್ ಹಾಕಿದ ಕಂದು ಹಿಮ್ಮಡಿ, ಒಂದು ಪಕ್ಕ ಸವೆದದ್ದು, ನಡುಗುತ್ತಾ. ಬಿಡಿ. ನಡುಗುತ್ತಾ. ಬಿಡಿ ರೀ. ಹಿಮ್ಮಡಿ. ಒಂದು, ಎರಡು, ಮೂರು. ಹಿಮ್ಮಡಿ.